ಬುಧವಾರದ ಅಂಕಿಗಳು

ಜೂನ್ ೨, ಸೋಮವಾರ

ಪ್ರೀತಿಯ ಕಡ್ಡಿಗೆ,

ಈ ಡಬ್ಬ ನೋಡಿ ಗಾಬರಿಯಾಗಬೇಡ. ಒಳಗಿರುವುದು ಮಂಜಿನ ಚೀಲ, ಏಳು ಸಣ್ಣ ಕೊಳವೆ, ಒಂದು ಪೊಟ್ಟಣ ಹತ್ತಿಕಡ್ಡಿ ಮತ್ತು ನಮ್ಮ ನಾಯಿ ಮಸಿಯ ಎದೆಗೆ ಕಟ್ಟುವ ಪಟ್ಟಿ. ಕಡ್ಡಿಗೆ ಅವರಮ್ಮ ಕಡ್ಡಿ ಕಳಿಸಿದಳು ಎಂದು ಬೇಕಾದರೆ ನಗು.

ಫೋನಿನಲ್ಲಿ ಹೇಳೋಣವೆಂದರೆ ನೀನು "ಹೂಂ", "ಊಹೂಂ", "ಆಮೇಲೆ ಮಾಡ್ತೀನಿ" ಈ ಮೂರರಲ್ಲೇ ಮಾತು ಮುಗಿಸುತ್ತೀಯ. ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಬೇರೆ. ಅದಕ್ಕೇ ಬರೆಯುತ್ತಿದ್ದೇನೆ. ವಾರಕ್ಕೊಮ್ಮೆ ಡಬ್ಬ ಹೇಗೂ ಓಡಾಡುತ್ತದೆ, ಜೊತೆಗೆ ಕಾಗದವೂ ಓಡಾಡಲಿ.

ನಮ್ಮ ಪಶುವೈದ್ಯ ಕಾಲೇಜಿನ ಪ್ರಯೋಗಾಲಯದಲ್ಲಿ ಹೊಸ ಅಧ್ಯಯನ ಶುರುವಾಗಿದೆ. ಮನೆಗಳಲ್ಲಿ ಸಾಕಿದ ನಲವತ್ತು ನಾಯಿಗಳ ಜೊಲ್ಲನ್ನು ದಿನಾ ಸಂಜೆ ಆರಕ್ಕೆ ತೆಗೆದು, ಅದರಲ್ಲಿ ಕಾರ್ಟಿಸಾಲ್ ಎಷ್ಟಿದೆಯೆಂದು ಅಳೆಯುತ್ತೇವೆ. ನಾಯಿ ಹೆದರಿದಾಗ, ಕಂಗಾಲಾದಾಗ ಅದರ ರಕ್ತಕ್ಕೆ ಇಳಿಯುವ ರಸ ಅದು. ಇಪ್ಪತ್ತು ನಿಮಿಷದಲ್ಲಿ ಜೊಲ್ಲಿಗೂ ಬರುತ್ತದೆ. ನಾಯಿ ಬಾಲ ಆಡಿಸಿ ಸುಳ್ಳು ಹೇಳಬಹುದು, ಜೊಲ್ಲು ಹೇಳುವುದಿಲ್ಲ. ಎದೆಯ ಪಟ್ಟಿಯೂ ಹಾಗೆಯೇ. ನೆಮ್ಮದಿಯಾಗಿರುವ ನಾಯಿಯ ಎದೆ ಉಸಿರಿನ ಜೊತೆ ಒಮ್ಮೆ ಬೇಗ ಒಮ್ಮೆ ನಿಧಾನ ಬಡಿಯುತ್ತದೆ. ಕಂಗಾಲಾದಾಗ ಮಾತ್ರ ಗಡಿಯಾರದ ಹಾಗೆ ಒಂದೇ ಸಮ ಹೊಡೆದುಕೊಳ್ಳುತ್ತದೆ.

ನೀನು ಮಾಡಬೇಕಾದ್ದು ಇಷ್ಟು. ಐದೂವರೆಗೆ ಪಟ್ಟಿ ಕಟ್ಟು. ಆರಕ್ಕೆ ಹತ್ತಿಕಡ್ಡಿಯನ್ನು ಮಸಿಯ ಕೆನ್ನೆಯ ಒಳಗೆ ಒಂದೂವರೆ ನಿಮಿಷ ಹಿಡಿದು, ಕೊಳವೆಗೆ ಹಾಕಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿಡು. ಅದಕ್ಕೆ ಮೊದಲು ಅರ್ಧ ಗಂಟೆ ಏನೂ ತಿನ್ನಿಸಬೇಡ. ದಿನದ ಹಾಳೆಯಲ್ಲಿ "ಇಂದು ಮನೆಯಲ್ಲಿ ನಡೆದದ್ದು" ಎಂಬ ಕಡೆ ಇದ್ದದ್ದನ್ನು ಇದ್ದ ಹಾಗೆ ಬರಿ. ಹಾಳೆಯನ್ನು ಲಕೋಟೆಗೆ ಹಾಕಿ ಅಂಟಿಸು. ಅದು ಕಚೇರಿಯ ಗುಮಾಸ್ತೆಯ ಬೀರು ಸೇರುತ್ತದೆ. ಅಳೆಯುವ ನಾನು ಅದನ್ನು ನೋಡುವಂತಿಲ್ಲ. ಕೊಳವೆಗಳಿಗೂ ಆಕೆ ಬೇರೆ ಸಂಖ್ಯೆ ಅಂಟಿಸಿಯೇ ನನಗೆ ಕೊಡುತ್ತಾರೆ. ಯಾವ ನಾಯಿ, ಯಾವ ದಿನ ಎಂದು ಮೊದಲೇ ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದಲ್ಲ, ಅದಕ್ಕೆ.

ಮಸಿಯನ್ನೇ ಏಕೆ ಸೇರಿಸಿದೆ ಎಂದು ನೀನು ಕೇಳುತ್ತೀಯ. ಏಳು ವರ್ಷ ನನ್ನ ಕಾಲಬುಡದಲ್ಲಿ ಮಲಗಿದ ನಾಯಿ ಒಂದು ವರ್ಷದಿಂದ ಇನ್ನೊಬ್ಬಳ ಮನೆಯಲ್ಲಿದೆ. ಅದು ಹೇಗಿದೆಯೆಂದು ತಿಳಿದುಕೊಳ್ಳಬಾರದೆ? ನಾನು ಈ ಊರಿನ ಕೆಲಸಕ್ಕೆ ಹೊರಟಾಗ ನೀನು ಎಲ್ಲಿರುತ್ತೀ ಎಂದು ಕೇಳಿದ್ದಕ್ಕೆ ಕಡ್ಡಿ ಮುರಿದ ಹಾಗೆ ಹೇಳಿದ್ದೆ: "ಮಸಿ ಎಲ್ಲಿರುತ್ತೋ ಅಲ್ಲಿ." ನನಗೆ ಸಿಕ್ಕ ಕಟ್ಟಡದಲ್ಲಿ ನಾಯಿ ಬಿಡುವುದಿಲ್ಲ. ಹಾಗಾಗಿ ನೀವಿಬ್ಬರೂ ನಿಮ್ಮಪ್ಪನ ಜೊತೆ, ನಿಮ್ಮಪ್ಪನ ಹೊಸ ಹೆಂಡತಿಯ ಜೊತೆ.

ಇರಲಿ. ಚೆನ್ನಾಗಿ ಓದು.

ಇಂತಿ,
ಅಮ್ಮ

ಮರೆತಿದ್ದೆ: ಜೊಲ್ಲು ತೆಗೆಯುವಾಗ ಬಾಯಿ ನೀನೇ ಹಿಡಿ. ಬೇರೆಯವರ ಕೈ ಬೇಡ.


ಜೂನ್ ೧೨, ಗುರುವಾರ

ಅಮ್ಮಾ,

ಡಬ್ಬ ಬುಧವಾರ ನಾನು ಶಾಲೆಯಿಂದ ಬರುವ ಹೊತ್ತಿಗೆ ಬರುತ್ತದೆ. ಗುರುವಾರ ಬೆಳಿಗ್ಗೆ ವಾಪಸ್ಸು ಕಳಿಸುತ್ತೇನೆ. ಏಳು ಕೊಳವೆಗಳೂ ಇವೆ, ಎಣಿಸಿದ್ದೇನೆ.

ಮೊದಲ ದಿನ ಮಸಿ ಹತ್ತಿಕಡ್ಡಿಯನ್ನು ಕಡಿದು ಎರಡು ಮಾಡಿತು. ಎರಡನೆಯ ದಿನ ಸೋಫಾದ ಕೆಳಗೆ ಹೋಗಿ ಕೂತಿತು. ಮೂಗಿನ ಮುಂದೆ ಬಿಸ್ಕತ್ತು ಹಿಡಿದರೆ ಜೊಲ್ಲು ತಾನಾಗಿ ಸುರಿಯುತ್ತದೆ. ಆದರೆ ಬಾಯಿಗೊಂದು ಕೈ, ಕಡ್ಡಿಗೊಂದು ಕೈ, ಬಿಸ್ಕತ್ತಿಗೊಂದು ಕೈ ಬೇಕು. ನನಗಿರುವುದು ಎರಡು. ಅಪ್ಪ ಮುದ್ರಣಾಲಯದಿಂದ ಬರುವಾಗ ಏಳಾಗುತ್ತದೆ. ಅದಕ್ಕೆ ಬಿಸ್ಕತ್ತನ್ನು ಅವರು ಹಿಡಿದರು. ಬಾಯಿ ನಾನೇ ಹಿಡಿದೆ. ಈಗ ಮಸಿಗೆ ಅಭ್ಯಾಸವಾಗಿದೆ, ಆರು ಗಂಟೆಗೆ ತಾನೇ ಬಂದು ಬಾಯಿ ತೆರೆದು ನಿಲ್ಲುತ್ತದೆ. ನೀನು ನೋಡಿದರೆ ನಗುತ್ತಿದ್ದೆ.

ವಿಜ್ಞಾನದ ಮೇಷ್ಟ್ರಿಗೆ ಈ ಅಧ್ಯಯನದ ವಿಷಯ ಹೇಳಿದೆ. ತರಗತಿಯಲ್ಲಿ ನಿಲ್ಲಿಸಿ ಎಲ್ಲರಿಗೂ ಹೇಳಿಸಿದರು. ನನ್ನ ಅಮ್ಮ ಅಳೆಯುತ್ತಾರೆ ಅಂತ ಹೇಳಿದೆ.

ಇಂತಿ,
ಕಡ್ಡಿ


ಜೂನ್ ೧೬, ಸೋಮವಾರ

ಪ್ರೀತಿಯ ಕಡ್ಡಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. "ಅವರು" ಎಂದರೆ ಯಾರೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಬೇರೆಯವರ ಕೈ ಬೇಡ ಎಂದು ಬರೆದಿದ್ದೆ. ಬಿಸ್ಕತ್ತು ಹಿಡಿಯುವ ಕೈಯೂ ಕೈಯೇ ಅಲ್ಲವೆ? ನಾಯಿಗೆ ಯಾರ ವಾಸನೆ ಯಾವಾಗ ಸೇರುತ್ತದೆ ಎನ್ನುವುದು ನಮ್ಮ ಕೆಲಸದಲ್ಲಿ ಸಣ್ಣ ವಿಷಯವಲ್ಲ. ಬಿಸ್ಕತ್ತನ್ನು ಕುರ್ಚಿಯ ಮೇಲಿಟ್ಟರೂ ಆಗುತ್ತದೆ.

ಇಲ್ಲಿ ಈ ವಾರ ಮೊದಲ ತಟ್ಟೆ ಓಡಿಸಿದೆವು. ತಟ್ಟೆಯೆಂದರೆ ನಿನ್ನ ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ಕು, ಅದರಲ್ಲಿ ತೊಂಬತ್ತಾರು ಗುಳಿ. ಒಂದೊಂದು ಗುಳಿಗೆ ಒಂದೊಂದು ನಾಯಿಯ ಜೊಲ್ಲು, ಮೇಲೆ ಔಷಧ. ಕೊನೆಗೆ ಎಲ್ಲ ಹಳದಿಯಾಗುತ್ತದೆ. ಹಳದಿ ತಿಳಿಯಾದಷ್ಟೂ ನಾಯಿ ಕಂಗಾಲಾಗಿತ್ತು ಎಂದು ಅರ್ಥ. ಯಂತ್ರ ಅದನ್ನು ಅಂಕಿ ಮಾಡಿ ಕೊಡುತ್ತದೆ. ಎರಡರ ಆಸುಪಾಸು ಇದ್ದರೆ ಸರಿ. ಐದು ದಾಟಿದರೆ ಆ ನಾಯಿಗೆ ಏನೋ ಆಗಿದೆ. ಒಂದೊಂದು ತಿಳಿಹಳದಿ ಗುಳಿ ಕಂಡಾಗಲೂ ಇದು ಮಸಿಯದೇನೋ ಎಂದು ಕೈ ನಿಲ್ಲುತ್ತದೆ.

ಒಂದಿಷ್ಟು ಕೇಳಬೇಕು. ಮಸಿ ಈಗ ಎಲ್ಲಿ ಮಲಗುತ್ತದೆ? ಹೊಲಿಗೆ ಯಂತ್ರದ ಸದ್ದಿಗೆ ಕಿವಿ ಮಡಿಸುತ್ತದೆಯೆ? ಆಕೆ ಗದರುತ್ತಾಳೆಯೆ? ಆಕೆ ಮಸಿಯನ್ನು ಮಸಿ ಎಂದೇ ಕರೆಯುತ್ತಾಳೋ, ಬೇರೆ ಹೆಸರಿಟ್ಟಿದ್ದಾಳೋ? ಬೆಳಿಗ್ಗೆ ಅದು ಮೊದಲು ಯಾರ ಹಾಸಿಗೆಯ ಬಳಿ ಹೋಗುತ್ತದೆ? ನಿನ್ನ ತಲೆ ಬಾಚುವವರು ಯಾರು? ಶಾಲೆಯ ಸಭೆಗೆ ಯಾರು ಬರುತ್ತಾರೆ? ಮೇಷ್ಟ್ರು ಆಕೆಯನ್ನು ನಿನ್ನ ತಾಯಿ ಎಂದುಕೊಂಡಿದ್ದಾರೆಯೆ?

ಎಲ್ಲಕ್ಕೂ ಉತ್ತರ ಬರಿ. ಒಂದನ್ನೂ ಬಿಡಬೇಡ.

ಇಂತಿ,
ಅಮ್ಮ


ಜೂನ್ ೨೬, ಗುರುವಾರ

ಅಮ್ಮಾ,

ಮಸಿ ಹೊಲಿಗೆ ಯಂತ್ರದ ಕೆಳಗೆ ಮಲಗುತ್ತದೆ. ಯಂತ್ರ ಓಡುತ್ತಿದ್ದರೇ ಅದಕ್ಕೆ ನಿದ್ದೆ, ನಿಂತರೆ ತಲೆ ಎತ್ತಿ ನೋಡುತ್ತದೆ. ಯಾರೂ ಗದರುವುದಿಲ್ಲ. ಮಸಿ ಎಂದೇ ಕರೆಯುತ್ತಾರೆ. ಬೆಳಿಗ್ಗೆ ನನ್ನ ಹಾಸಿಗೆಗೇ ಬರುತ್ತದೆ. ತಲೆ ನಾನೇ ಬಾಚಿಕೊಳ್ಳುತ್ತೇನೆ, ನನಗೆ ಹದಿನೈದು. ಸಭೆಗೆ ಅಪ್ಪ ಬರುತ್ತಾರೆ. ಒಂದು ಸಲ ಮಾತ್ರ ಚಿಕ್ಕಮ್ಮ ಬಂದಿದ್ದರು, ಅಪ್ಪನಿಗೆ ಬಿಡುವಿರಲಿಲ್ಲ. ಮೇಷ್ಟ್ರು ಏನಂದುಕೊಂಡರು ಅಂತ ನಾನು ಕೇಳಲಿಲ್ಲ.

ಎದೆಯ ಪಟ್ಟಿಯ ಕೊಂಡಿ ಕಿತ್ತುಹೋಗಿತ್ತು. ಹಾಗೇ ಕಳಿಸಿದರೆ ನಿನಗೆ ತೊಂದರೆಯಾಗುತ್ತದೆ ಅಂತ ಚಿಕ್ಕಮ್ಮ ದಪ್ಪ ದಾರ ಹಾಕಿ ಹೊಲಿದುಕೊಟ್ಟರು. ಈಗ ಮೊದಲಿಗಿಂತ ಗಟ್ಟಿಯಾಗಿದೆ.

ನಾನೀಗ ಕಡ್ಡಿಯ ಹಾಗಿಲ್ಲ. ಸಮವಸ್ತ್ರದ ಸೊಂಟ ಎರಡು ಸಲ ಬಿಚ್ಚಿ ಹೊಲಿದಾಯಿತು. ನೀನು ಹಾಗೇ ಕರಿ, ಪರವಾಗಿಲ್ಲ.

ಪರೀಕ್ಷೆ ಹತ್ತಿರ ಬಂತು. ಉದ್ದ ಬರೆಯಲಿಕ್ಕೆ ಆಗುವುದಿಲ್ಲ.

ಇಂತಿ,
ಕಡ್ಡಿ


ಜುಲೈ ೧೦, ಗುರುವಾರ

ಅಮ್ಮಾ,

ನಿನ್ನೆ ಡಬ್ಬದಲ್ಲಿ ಕಾಗದ ಇರಲಿಲ್ಲ. ಹತ್ತಿಕಡ್ಡಿಯ ಪೊಟ್ಟಣ ಬಿಚ್ಚಿ ನೋಡಿದೆ, ಮಂಜಿನ ಚೀಲದ ಕೆಳಗೂ ನೋಡಿದೆ. ಕೊಳವೆಗಳು ಮಾತ್ರ ಇದ್ದವು.

ಹೋದ ವಾರದ ನಿನ್ನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ, ಅದಕ್ಕೆ ಸಿಟ್ಟಾ? ಅಥವಾ ಹುಷಾರಿಲ್ಲವಾ? ಹುಷಾರಿಲ್ಲದಿದ್ದರೆ ಹೇಳು.

ಕೊಳವೆ ಏಳು ಇವೆ.

ಇಂತಿ,
ಕಡ್ಡಿ


ಜುಲೈ ೨೧, ಸೋಮವಾರ

ಪ್ರೀತಿಯ ಕಡ್ಡಿಗೆ,

ನನಗೆ ಹುಷಾರಿದೆ. ಎರಡು ವಾರದ ಹಿಂದೆ ಬರೆಯದೆ ಇದ್ದದ್ದು ಬರೆಯಲು ಕೂತಾಗಲೆಲ್ಲ ಒಂದು ಪದ ಅಡ್ಡ ಬರುತ್ತಿದ್ದುದರಿಂದ. ನೀನು ಬಹಳ ಸಲೀಸಾಗಿ ಬರೆದ ಪದ. ಚಿಕ್ಕಮ್ಮ. ನನಗೆ ತಂಗಿ ಇಲ್ಲ ಎಂದು ನಿನಗೆ ಗೊತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಸಿ ಆ ಮನೆಯಲ್ಲಿ ಸುಖವಾಗಿಲ್ಲ. ಇದು ನನ್ನ ಊಹೆಯಲ್ಲ, ಅಂಕಿಯೇ ಇದೆ. ಅಂಕಿ ನನಗೆ ಹೇಗೆ ತಿಳಿಯಿತೆಂದು ಕೇಳಬೇಡ. ಗುಮಾಸ್ತೆ ಊಟಕ್ಕೆ ಹೋದಾಗ ಬೀರುವಿನಲ್ಲಿ ಬೀಗದ ಕೈ ಹಾಗೇ ಇತ್ತು, ಸಂಖ್ಯೆಗಳ ಪಟ್ಟಿ ಮೇಲೆಯೇ ಇತ್ತು. ಮಸಿ ಮೂವತ್ತೊಂದನೆಯ ನಾಯಿ. ಅದರ ಸಾಲನ್ನಷ್ಟೇ ಬರೆದುಕೊಂಡೆ. ದಿನದ ಹಾಳೆಗಳ ಲಕೋಟೆಯನ್ನು ಮುಟ್ಟಲಿಲ್ಲ.

ಆರು ದಿನ ಎರಡು, ಎರಡೂವರೆ. ಏಳನೆಯ ದಿನ ಏಳು. ಮುಂದಿನ ವಾರವೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಒಂದು ಸಲವಂತೂ ಒಂಬತ್ತು. ಪಟಾಕಿಗೆ ಹೆದರಿದ ನಾಯಿಗಳಲ್ಲೂ ನಾನು ಒಂಬತ್ತು ಕಂಡದ್ದು ಅಪರೂಪ. ಎಲ್ಲವೂ ಬುಧವಾರ. ಜುಲೈ ಒಂಬತ್ತರ ಬುಧವಾರ ಮಾತ್ರ ಎರಡು ಬಂದಿದೆ. ಅಂದು ಆಕೆ ಮನೆಯಲ್ಲಿ ಇರಲಿಲ್ಲವೇನೋ.

ಬುಧವಾರ ಬುಧವಾರ ಆ ಮನೆಯಲ್ಲಿ ಏನು ನಡೆಯುತ್ತದೆ? ಅಳತೆ ಕೊಡಲು ಗಿರಾಕಿಗಳು ಬರುತ್ತಾರೆಯೆ? ಗೊತ್ತಿಲ್ಲದ ಜನ ತುಂಬಿಕೊಂಡು ನಾಯಿಯನ್ನು ಹಿತ್ತಲಿಗೆ ಕಟ್ಟುತ್ತಾರೆಯೆ? ನೀನು ಆಕೆಯ ಮುಖ ನೋಡಿ ಸುಮ್ಮನಿದ್ದೀಯ. ನಾಯಿಗೆ ಆ ದಾಕ್ಷಿಣ್ಯವಿಲ್ಲ.

ನಾನು ಬೇರೆ ಮನೆ ನೋಡಿದ್ದೇನೆ. ನೆಲಮಹಡಿ, ಹಿಂದೆ ಸಣ್ಣ ಅಂಗಳ. ನಾಯಿ ಇದ್ದರೆ ತಕರಾರಿಲ್ಲ ಎಂದಿದ್ದಾರೆ. ಆಗಸ್ಟ್ ಮೂರು, ಭಾನುವಾರ ಬಂದು ಮಸಿಯನ್ನು ಕರೆದುಕೊಂಡು ಬರುತ್ತೇನೆ. ನಿಮ್ಮಪ್ಪನಿಗೂ ಹೇಳಿಬಿಡು. ನೀನೇನು ಮಾಡುತ್ತೀ ಎಂದು ನಾನು ಕೇಳುವುದಿಲ್ಲ. ಮಸಿ ಎಲ್ಲಿರುತ್ತದೋ ಅಲ್ಲಿ ಎಂದವಳು ನೀನು.

ಇಂತಿ,
ಅಮ್ಮ


ಜುಲೈ ೨೪, ಗುರುವಾರ

ಅಕ್ಕನವರಿಗೆ ನಮಸ್ಕಾರ.

ನಿಮ್ಮನ್ನು ಅಕ್ಕ ಎಂದು ಕರೆಯುವುದು ನಿಮಗೆ ಹಿಡಿಸಲಿಕ್ಕಿಲ್ಲ. ಬೇರೆ ಹೇಗೆ ಕರೆಯಬೇಕೆಂದು ಹೊಳೆಯಲಿಲ್ಲ. ನಾನು ಕಾಗದ ಬರೆದು ರೂಢಿಯಿಲ್ಲದವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಕಾಗದಗಳನ್ನು ಮಗು ನನಗೆ ತೋರಿಸುವುದಿಲ್ಲ, ನಾನೂ ಕೇಳುವುದಿಲ್ಲ. ನಿನ್ನೆಯದನ್ನು ಮಾತ್ರ ತಂದು ಯಂತ್ರದ ಮೇಲಿಟ್ಟು, "ಚಿಕ್ಕಮ್ಮ, ಬುಧವಾರ ಇಲ್ಲಿ ಏನಾಗುತ್ತೆ ಅಂತ ನೀವೇ ಬರೀರಿ, ನನ್ನ ಕೈಲಿ ಆಗಲ್ಲ" ಎಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಗಿರಾಕಿಗಳು ನಮ್ಮಲ್ಲಿ ಬರುವುದು ಶನಿವಾರ. ಬುಧವಾರ ಬರುವುದು ನಿಮ್ಮ ಡಬ್ಬ ಒಂದೇ.

ನಾಲ್ಕೂವರೆಗೆ ಅವಳು ಶಾಲೆಯಿಂದ ಬರುತ್ತಾಳೆ. ಚೀಲವನ್ನೂ ಇಳಿಸದೆ ಡಬ್ಬ ಬಿಚ್ಚುತ್ತಾಳೆ, ಕಾಗದ ತೆಗೆದುಕೊಂಡು ತಾರಸಿಗೆ ಹೋಗುತ್ತಾಳೆ. ಮಸಿ ಅವಳ ಹಿಂದೆಯೇ ಹತ್ತುತ್ತದೆ. ಒಂದು ಗಂಟೆ ಇಬ್ಬರೂ ಕೆಳಗಿಳಿಯುವುದಿಲ್ಲ. ಇಳಿದಾಗ ಅವಳ ಮುಖ ತೊಳೆದಿರುತ್ತದೆ, ನಾಯಿ ಮೈ ನಡುಗಿಸುತ್ತಿರುತ್ತದೆ. ಅಂಥ ಹೊತ್ತಿನಲ್ಲೇ ಆರು ಗಂಟೆಯಾಗಿ ಅವಳು ಕಡ್ಡಿ ಹಿಡಿಯುತ್ತಾಳೆ. ಒಮ್ಮೆ ನಾನು, "ಇವತ್ತೊಂದಿನ ಬಿಡು, ನಾಳೆ ತೆಗಿ" ಎಂದೆ. "ಹಾಗೆ ಮಾಡಿದರೆ ಅಳತೆ ಸುಳ್ಳಾಗುತ್ತೆ, ಅಮ್ಮನ ಕೆಲಸ ಹಾಳಾಗುತ್ತೆ" ಎಂದಳು.

ನಾಯಿಯನ್ನು ನೀವು ಕರೆದುಕೊಂಡು ಹೋಗಬಹುದು. ಅದು ನಿಮ್ಮದು. ಅದರ ಹೊದಿಕೆಯನ್ನು ಒಗೆದು ಒಣಗಿಸಿದ್ದೇನೆ. ನಾಯಿ ಹೋದರೆ ಹಿಂದೆಯೇ ಮಗುವೂ ಹೊರಡುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಅವಳಿಗೂ ಗೊತ್ತು. ನಿನ್ನೆಯಿಂದ ಪುಸ್ತಕಗಳನ್ನು ಎರಡು ಗುಡ್ಡೆ ಮಾಡಿ ಕೂತಿದ್ದಾಳೆ. ಯಾವುದು ಯಾವ ಗುಡ್ಡೆಗೆ ಎಂದು ಅವಳಿಗೇ ತೋಚುತ್ತಿಲ್ಲ.

ನನ್ನ ಮೇಲೆ ನಿಮಗೆ ಹೊಟ್ಟೆ ಉರಿಯುತ್ತದೆ. ಉರಿಯದಿದ್ದರೆ ನಾನೇ ಆಶ್ಚರ್ಯಪಡುತ್ತಿದ್ದೆ. ನನ್ನದನ್ನೂ ಹೇಳಿಬಿಡುತ್ತೇನೆ. ಈ ವರ್ಷದ ಮೊದಲಲ್ಲಿ ಅವಳಿಗೆ ಜ್ವರ ಬಂದಾಗ ಮೂರು ದಿನ ಪಕ್ಕದಲ್ಲೇ ಕೂತಿದ್ದೆ, ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕಿದ್ದೆ. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಅಮ್ಮ ಫೋನ್ ಮಾಡಿದ್ರಾ?" ಅಂತ. ಆ ದಿನ ನಿಮ್ಮನ್ನು ನಾನು ಮನಸ್ಸಿನಲ್ಲಿ ಏನೇನು ಅಂದೆನೋ ಬರೆಯಲು ಬಾರದು.

ಇಂತಿ ನಮಸ್ಕಾರಗಳೊಂದಿಗೆ,
ಹೊಲಿಗೆಯವಳು


ಜುಲೈ ೨೯, ಮಂಗಳವಾರ

ಕಡ್ಡೀ,

ಈ ಕಾಗದದಲ್ಲಿ ಪ್ರಶ್ನೆಗಳಿಲ್ಲ. ತಾರಸಿಗೆ ಹೋಗುವ ಅಗತ್ಯವಿಲ್ಲ, ಎಲ್ಲಿ ಕೂತಿದ್ದೀಯೋ ಅಲ್ಲೇ ಓದು. ಡಬ್ಬದಲ್ಲಿ ಇಡದೆ ಅಂಚೆಗೆ ಹಾಕುತ್ತಿದ್ದೇನೆ, ಬುಧವಾರ ಮುಟ್ಟದಿರಲಿ ಎಂದು.

ಭಾನುವಾರ ನಾನು ಬರುವುದಿಲ್ಲ. ಪುಸ್ತಕಗಳನ್ನು ಅವು ಇದ್ದ ಕಡೆ ಜೋಡಿಸಿಬಿಡು.

ಶನಿವಾರ ಬೆಳಿಗ್ಗೆ ಆ ಕಾಗದ ಓದಿದೆ. ಓದಿದ ತಕ್ಷಣ ನನಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಎಷ್ಟು ಜಾಣತನದಿಂದ ತಪ್ಪನ್ನು ನನ್ನ ತಲೆಗೆ ಕಟ್ಟಿದ್ದಾಳೆ ಎನ್ನಿಸಿತು. ಡಬ್ಬ ಬಂದರೆ ನಾಯಿಗೆ ಹೆದರಿಕೆಯಾಗುತ್ತದೆಯಂತೆ, ಸರಿ, ಹಾಗಾದರೆ ಡಬ್ಬದ ವಾಸನೆಯೇ ಕಾರಣವಿರಬೇಕು, ಪ್ರಯೋಗಾಲಯದ ಔಷಧದ ವಾಸನೆ, ಬೇರೆ ನಾಯಿಗಳ ವಾಸನೆ. ಹೀಗೆ ವಾದ ಹೂಡುತ್ತಾ ಮನೆಯಿಂದ ಕಾಲೇಜಿನವರೆಗೆ ನಡೆದೆ. ದಾರಿಯುದ್ದಕ್ಕೂ ಗೆಲ್ಲುತ್ತಲೇ ಇದ್ದೆ.

ಮೆಟ್ಟಿಲು ಹತ್ತುವಾಗ ಜುಲೈ ಒಂಬತ್ತು ನೆನಪಾಯಿತು. ಅಂದೂ ಡಬ್ಬ ಬಂದಿತ್ತು. ಅದೇ ಡಬ್ಬ, ಅದೇ ಮಂಜಿನ ಚೀಲ, ಅದೇ ವಾಸನೆ. ಇಲ್ಲದಿದ್ದದ್ದು ಕಾಗದ ಒಂದೇ. ಅಂದು ಮಸಿಯ ಅಂಕಿ ಎರಡು. ಬೇರೆಯವರ ಅಧ್ಯಯನದಲ್ಲಿ ಇಂಥದು ಸಿಕ್ಕಿದ್ದರೆ ನಾನು ಸಂತೋಷಪಡುತ್ತಿದ್ದೆ. ಒಂದನ್ನು ಮಾತ್ರ ತೆಗೆದು ಉಳಿದದ್ದನ್ನೆಲ್ಲ ಹಾಗೇ ಇಟ್ಟು ನೋಡುವುದನ್ನೇ ನಾವು ಒಳ್ಳೆಯ ಪರೀಕ್ಷೆ ಎನ್ನುತ್ತೇವೆ. ಮುನಿಸಿನಲ್ಲಿ ನನಗೆ ತಿಳಿಯದೆಯೇ ನಾನು ಒಳ್ಳೆಯ ಪರೀಕ್ಷೆ ಮಾಡಿಬಿಟ್ಟಿದ್ದೆ.

ಎದೆಪಟ್ಟಿಯ ದಾಖಲೆಯನ್ನೂ ತೆಗೆದು ನೋಡಿದೆ. ಬೇರೆ ದಿನಗಳಲ್ಲಿ ಬೇಗ, ನಿಧಾನ, ಬೇಗ, ನಿಧಾನ. ಬುಧವಾರ ಒಂದೇ ಸಮ. ನನ್ನ ಕಾಗದಕ್ಕೂ ಮಸಿಗೂ ಏನು ಸಂಬಂಧ? ನಾಯಿಗೆ ಅಕ್ಷರ ಬರುವುದಿಲ್ಲ. ಅದು ನಿನ್ನನ್ನು ನೋಡಿ ಹಾಗಾಗಿತ್ತು. ಜೊತೆಗಿರುವ ಮನುಷ್ಯ ಕಂಗಾಲಾದರೆ ನಾಯಿಯೂ ಕಂಗಾಲಾಗುತ್ತದೆಂದು ನಾನು ಎಷ್ಟೋ ಕಡೆ ಓದಿದ್ದೇನೆ. ಹೊಸಬರಿಗೆ ಪಾಠವನ್ನೂ ಹೇಳಿದ್ದೇನೆ. ನಾಯಿಗೆ ಏಳು ಬಂದಿದ್ದರೆ ನಿನಗೆ ಎಷ್ಟು ಬಂದಿತ್ತೋ. ಅದನ್ನು ಯಾರೂ ಅಳೆಯಲಿಲ್ಲ.

ಸೋಮವಾರ ಅಧ್ಯಯನ ನಡೆಸುವ ಪ್ರಾಧ್ಯಾಪಕರ ಕೋಣೆಗೆ ಹೋಗಿ ಸಂಖ್ಯೆಗಳ ಪಟ್ಟಿ ಕದ್ದು ನೋಡಿದ್ದನ್ನು ಹೇಳಿದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎಷ್ಟು ನಾಯಿಗಳದ್ದು ನೋಡಿದಿರಿ ಎಂದು ಕೇಳಿದರು. ಒಂದೇ ಎಂದೆ. ಅದನ್ನೇ ಏಕೆ ಎಂದು ಕೇಳಿದರು. ನಾನು ಎಷ್ಟೋ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಬೇರೆ.

"ಆ ನಾಯಿ ನನ್ನನ್ನು ಬಿಟ್ಟು ಚೆನ್ನಾಗಿರಬಾರದು ಅಂತ ಆಸೆ ಇತ್ತು."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಬೀರುವಿನಿಂದ ಮೂವತ್ತೊಂದನೆಯ ನಾಯಿಯ ಲಕೋಟೆಗಳನ್ನು ತರಿಸಿ, ಇವು ಇನ್ನು ಲೆಕ್ಕಕ್ಕಿಲ್ಲ, ಬೇಕಾದರೆ ಓದಿಕೊಳ್ಳಿ ಎಂದು ಕೊಟ್ಟರು. ಮಸಿಯ ಹೆಸರು ಅಧ್ಯಯನದಿಂದ ಹೋಯಿತು. ನನ್ನನ್ನು ಅಳತೆಯಿಂದ ತೆಗೆದು ಕೊಳವೆ ತೊಳೆಯುವ ಕೋಣೆಗೆ ಹಾಕಿದ್ದಾರೆ. ಎಷ್ಟು ದಿನವೋ ಗೊತ್ತಿಲ್ಲ. ಕಡತದಲ್ಲಿ ನನ್ನ ತಪ್ಪೊಪ್ಪಿಗೆ ಇದೆ. ಗುಮಾಸ್ತೆ ಈಗ ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು ಓಡಾಡುತ್ತಾರೆ, ನನ್ನ ಜೊತೆ ಮಾತಿಲ್ಲ.

ನಿನ್ನ ಹಾಳೆಗಳನ್ನು ಕೊಳವೆಗಳ ಕೋಣೆಯಲ್ಲಿ ನಿಂತುಕೊಂಡೇ ಓದಿದೆ. "ಇಂದು ಮನೆಯಲ್ಲಿ ನಡೆದದ್ದು: ಕರೆಂಟು ಹೋಗಿತ್ತು." "ಚಿಕ್ಕಮ್ಮ ಹೊಸ ಬಟ್ಟೆ ಕತ್ತರಿಸಿದರು, ಮಸಿ ಚೂರುಗಳ ಮೇಲೆ ಮಲಗಿತು." ಬುಧವಾರ: "ಅಮ್ಮನ ಕಾಗದ ಬಂತು." ಮುಂದಿನ ಬುಧವಾರ: "ಅಮ್ಮನ ಕಾಗದ ಬಂತು." ಅದರ ಜೊತೆ ಒಂದು ಅಕ್ಷರವೂ ಹೆಚ್ಚಿಲ್ಲ. ದೂರಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರಿ ಎಂದಿದ್ದೆ, ಹಾಗೆಯೇ ಬರೆದಿದ್ದೀಯ.

ಕ್ಷಮಿಸು ಎಂದು ಬರೆದರೆ ಅದಕ್ಕೆ ನೀನು ಏನಾದರೂ ಉತ್ತರ ಕೊಡಬೇಕಾಗುತ್ತದೆ. ಅದಕ್ಕೇ ಬರೆಯುತ್ತಿಲ್ಲ. ನಿನಗೆ ಬೇಕೆನಿಸುವವರೆಗೆ ನನ್ನಿಂದ ಕಾಗದ ಬರುವುದಿಲ್ಲ.

ಅಮ್ಮ


ಆಗಸ್ಟ್ ೭, ಗುರುವಾರ

ಅಮ್ಮಾ,

ನಿನ್ನ ಕಾಗದ ಶುಕ್ರವಾರ ಬಂತು. ಮನೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಆಮೇಲೆ ನಾಲ್ಕು ದಿನ ನಿನ್ನ ಮೇಲೆ ತುಂಬ ಸಿಟ್ಟಿತ್ತು. ಮೊದಲೆಲ್ಲ ಸಿಟ್ಟು ಬಂದರೆ ಅದು ಸಿಟ್ಟು ಅಂತ ನನಗೆ ಗೊತ್ತಾಗುತ್ತಿರಲಿಲ್ಲ, ಹೊಟ್ಟೆನೋವು ಅಂದುಕೊಳ್ಳುತ್ತಿದ್ದೆ.

ಜುಲೈ ಒಂಬತ್ತರಂದು ಡಬ್ಬದಲ್ಲಿ ಕಾಗದ ಇಲ್ಲ ಅಂತ ಗೊತ್ತಾದಾಗ ನನಗೆ ಹಗುರವಾಯಿತು. ಅದನ್ನು ನಿನಗೆ ಹೇಳದೆ ಹುಷಾರಿಲ್ಲವಾ ಅಂತ ಬರೆದೆ. ಮಾರನೆಯ ದಿನ, ಹಗುರವಾಯಿತಲ್ಲ ಅಂತ ಬೇಜಾರಾಯಿತು. ನೀನು ನನ್ನ ಹಾಳೆಯನ್ನು ಹೊಗಳಿದ್ದೀಯ. ಆದರೆ ನಾನು ಅಲ್ಲಿ ಪೂರ್ತಿ ಬರೆದಿರಲಿಲ್ಲ. ನಾನು ಅಳುತ್ತಿದ್ದೆ ಅಂತ ಬರೆಯಬೇಕಿತ್ತು. ಬರೆದರೆ ಯಾರಾದರೂ ಓದಿ ನಿನ್ನನ್ನು ಕೆಟ್ಟವಳು ಅಂದುಕೊಳ್ಳುತ್ತಾರೆ ಅಂತ ಬಿಟ್ಟೆ.

ಇನ್ನೊಂದು ಹೇಳಬೇಕು. ಮಸಿ ಎಲ್ಲಿರುತ್ತೋ ಅಲ್ಲಿ ಅಂತ ಅಂದೆನಲ್ಲ, ಅದು ನಿಜವಲ್ಲ. ನೀನು ಅಥವಾ ಅಪ್ಪ ಅಂತ ಹೇಳಲಿಕ್ಕೆ ನನ್ನ ಕೈಲಿ ಆಗಲಿಲ್ಲ. ಮಸಿಯ ಹೆಸರು ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ ಅಂದುಕೊಂಡಿದ್ದೆ. ನೀನು ಒಂದು ವರ್ಷದಿಂದ ಮಸಿಯ ಮೇಲೂ ಮುನಿಸಿಕೊಂಡಿದ್ದೆ ಅಂತ ನನಗೆ ಗೊತ್ತಿರಲಿಲ್ಲ.

ಹದಿನೇಳನೆಯ ತಾರೀಖು ಭಾನುವಾರ ಬಾ. ಯಾರನ್ನೂ ಕರೆದುಕೊಂಡು ಹೋಗಲಿಕ್ಕೆ ಬರಬೇಡ, ಸುಮ್ಮನೆ ಬಾ. ಅಪ್ಪ ಅಂದು ಮುದ್ರಣಾಲಯಕ್ಕೆ ಹೋಗುತ್ತಾರಂತೆ, ನಿನಗೆ ಮುಜುಗರವಾಗುವುದು ಬೇಡ ಅಂತ. ಚಿಕ್ಕಮ್ಮ ಎಲ್ಲಿಗೆ ಹೋಗಲಿ ಅಂತ ಕೇಳಿದರು. ಎಲ್ಲಿಗೂ ಬೇಡ ಅಂದೆ.

ಇಂತಿ,
ಕಡ್ಡಿ


ಆಗಸ್ಟ್ ೧೯, ಮಂಗಳವಾರ

ಹೊಲಿಗೆಯವರಿಗೆ,

ಭಾನುವಾರ ಆರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಬರುವಾಗ ನಿಮಗೆ ಹೇಳಬೇಕಾದ ಒಳ್ಳೆಯ ಮಾತುಗಳನ್ನೆಲ್ಲ ಉರು ಹೊಡೆದುಕೊಂಡಿದ್ದೆ. ಬಾಗಿಲಲ್ಲಿ ನೀವು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತದ್ದು ನೋಡಿ ಒಂದೂ ಬಾಯಿಗೆ ಬರಲಿಲ್ಲ. ಬಸ್ಸು ಸಿಕ್ತಾ ಎಂದು ನೀವು ಕೇಳಿದಿರಿ, ಸಿಕ್ತು ಎಂದೆ. ನಮ್ಮ ಮೊದಲ ಮಾತುಕತೆ ಅಷ್ಟೇ.

ಮಸಿ ಬಂದು ನನ್ನ ಕೈ ಮೂಸಿತು, ಮೈಯೆಲ್ಲ ಮೂಸಿತು, ಮೊಣಕಾಲುಗಳ ನಡುವೆ ತಲೆ ತೂರಿಸಿ ಕುಂಯ್ಗುಟ್ಟಿತು. ನನ್ನನ್ನು ಮರೆತಿಲ್ಲ. ಹನ್ನೊಂದು ನಿಮಿಷಕ್ಕೆ ಎದ್ದು ಹೋಗಿ ನಿಮ್ಮ ಯಂತ್ರದ ಕೆಳಗೆ ಮಲಗಿತು. ಹೌದು, ಗಡಿಯಾರ ನೋಡಿದೆ. ಕೆಟ್ಟ ಅಭ್ಯಾಸ.

ಊಟಕ್ಕೆ ಕೂತಾಗ ನೀವು "ಗುಂಡಿ ನಂಬರ್ ಮೂರು" ಎಂದಿರಿ, ಅವಳು ನೀರು ನೆತ್ತಿಗೇರುವಷ್ಟು ನಕ್ಕಳು. ಅದೇನೆಂದು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಸಿ ನಿಮ್ಮ ಬಳಿ ಹೋದದ್ದಕ್ಕಿಂತ ಆ ನಗು ನನಗೆ ಹೆಚ್ಚು ಚುಚ್ಚಿತು. ನೀವಿಬ್ಬರೂ ಒಂದು ವರ್ಷದಲ್ಲಿ ಮಾಡಿಕೊಂಡ ನಗು ಅದು. ಅದರಲ್ಲಿ ನಾನಿಲ್ಲ.

ಆಮೇಲೆ ನೀವು ದಾರ ತೀರಿದೆ, ತರುತ್ತೇನೆ ಎಂದು ಹೊರಟಿರಿ. ಯಂತ್ರದ ಪಕ್ಕದ ಡಬ್ಬಿ ಅರ್ಧ ತೆರೆದಿತ್ತು. ಒಳಗೆ ಎಲ್ಲ ಬಣ್ಣದ ದಾರವೂ ಇತ್ತು. ನೀವು ಎರಡು ಗಂಟೆ ಆ ಬಿಸಿಲಿನಲ್ಲಿ ಎಲ್ಲಿ ಸುತ್ತಿದಿರೋ ನಾನು ತಿಳಿಯೆ. ಆ ಎರಡು ಗಂಟೆ ಅವಳು ತಾರಸಿಯಲ್ಲಿ ನನ್ನ ಪಕ್ಕ ಕೂತು ಹೂಂ ಊಹೂಂ ಬಿಟ್ಟು ಬೇರೆ ಮಾತಾಡಿದಳು. ಅರ್ಧದಷ್ಟು ನನಗೆ ಬೈಗುಳವೇ. ನಾನು ಒಂದಕ್ಕೂ ಎದುರು ಹೇಳಲಿಲ್ಲ. ಕೊನೆಗೆ ಸಾಕಾಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಎಷ್ಟು ಭಾರವಾಗಿದ್ದಾಳೆ. ಅಷ್ಟು ಭಾರ ಮಾಡಿದ್ದು ನಿಮ್ಮ ಕೈ.

ನೋಡಿಟ್ಟ ನೆಲಮಹಡಿಯ ಮನೆಯನ್ನು ಹಿಡಿದಿದ್ದೇನೆ. ರಜೆ ಬಂದಾಗ ಅವಳೂ ಮಸಿಯೂ ಹದಿನೈದು ದಿನ ಇದ್ದು ಹೋಗುತ್ತೇವೆಂದು ಹೇಳಿದ್ದಾಳೆ. ಹೋಗುತ್ತೇವೆ ಎಂಬ ಪದವನ್ನು ಅವಳು ಒತ್ತಿ ಹೇಳಿದಳು, ನಾನು ಕೇಳಿಸಿಕೊಂಡಿದ್ದೇನೆ. ಹದಿನಾರನೆಯ ದಿನ ಬಸ್ಸಿಗೆ ಹತ್ತಿಸುವವಳು ನಾನೇ.

ನಿಮ್ಮ ಮೇಲಿನ ಹೊಟ್ಟೆಕಿಚ್ಚು ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ವಾಪಸ್ಸು ಬರುವಾಗ ಬಸ್ಸಿನುದ್ದಕ್ಕೂ ಇತ್ತು, ಇದನ್ನು ಬರೆಯುತ್ತಿರುವಾಗಲೂ ಇದೆ. ಅವಳು ಸಂಜೆ ಶಾಲೆಯಿಂದ ಬಂದು ಚೀಲ ಇಳಿಸುವುದನ್ನು ದಿನಾ ನೋಡುವವರು ನೀವು. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡರೆ ಹೇಗಾದರೂ ಮಾಡಿ ಮಗುವಿನ ತಲೆಗೆ ಇಳಿಯುತ್ತದೆ, ನೋಡಿದ್ದಾಯಿತು. ಅದಕ್ಕೆ ಒಂದು ಯೋಚನೆ ಮಾಡಿದ್ದೇನೆ. ಇನ್ನು ಮುಂದೆ ಅವಳಿಗೆ ಹವಾಮಾನ, ಬೆಕ್ಕು, ಪಕ್ಕದ ಮನೆಯವರು ಇಂಥದನ್ನು ಬರೆಯುತ್ತೇನೆ. ಉಳಿದದ್ದನ್ನು ನಿಮಗೆ ಬರೆಯುತ್ತೇನೆ. ನೀವು ದೊಡ್ಡವರು, ತಡೆದುಕೊಳ್ಳಬಲ್ಲಿರಿ. ನಿಮ್ಮದೂ ಇದೆಯೆಂದು ಹೇಳಿದ್ದೀರಿ. ಅದನ್ನು ನನಗೆ ಬರೆಯಿರಿ, ಆ ಜ್ವರದ ದಿನ ಮನಸ್ಸಿನಲ್ಲಿ ಅಂದದ್ದನ್ನೂ ಸೇರಿಸಿ. ಮುಚ್ಚುಮರೆ ಬೇಡ.

ಮೊದಲು ನನ್ನ ಸರದಿ. ಅವಳ ಸಮವಸ್ತ್ರದ ಕೊರಳಪಟ್ಟಿಯ ಹೊಲಿಗೆ ಬಹಳ ಚೆನ್ನಾಗಿತ್ತು. ನೋಡಿ ಮೈ ಉರಿಯಿತು.

ಇಂತಿ,
ಕಡ್ಡಿಯ ಅಮ್ಮ